ಅಳಿಸಿದ ಚೌಕ

ನಿವೃತ್ತನಾದ ಡ್ರಾಯಿಂಗ್ ಮೇಷ್ಟ್ರಿಗೆ ಊರಿನಲ್ಲಿ ಸಿಗುವ ಕೆಲಸವೆಂದರೆ ಮದುವೆ ಮನೆಯ ಬಾಗಿಲಿಗೆ ವಧೂವರರ ಹೆಸರು ಬರೆಯುವುದು, ಗಣಪತಿ ಪೆಂಡಾಲಿನ ಹಿಂದಿನ ಪರದೆಗೆ ಹಿಮಾಲಯ ಬರೆಯುವುದು. ಈಗ ಅವಕ್ಕೂ ಫ್ಲೆಕ್ಸ್ ಬಂದಿದೆ. ಹಾಗಾಗಿ ಕಳೆದ ದೀಪಾವಳಿಗೆ ಶಿಕಾರಿಪುರದ ನಮ್ಮ ಮನೆಗೆ ಬಂದ ಅಕ್ಕನ ಮಗ ಒಂದು ಕಪ್ಪು ಹಲಗೆಯನ್ನೂ ಅದರ ಪೆನ್ನನ್ನೂ ನನ್ನ ಮುಂದಿಟ್ಟು, 'ಮಾವ, ಅವ್ವನ ಚಿತ್ತಾರದ ಮೇಲೆ ಇಪ್ಪತ್ತು ನಿಮಿಷದ ಚಿತ್ರ ಮಾಡ್ತಿದೀನಿ. ಸ್ಟೋರಿಬೋರ್ಡ್ ನೀವೇ ಬರೆದುಕೊಡಬೇಕು' ಎಂದಾಗ ನನಗೆ ಹಿಗ್ಗೇ ಆಯಿತು. ಅವನು ಬೆಂಗಳೂರಿನಲ್ಲಿ ಸಾಕ್ಷ್ಯಚಿತ್ರಗಳನ್ನು ತೆಗೆಯುವ ಹುಡುಗ. ಅವನ ಅವ್ವ, ಅಂದರೆ ನನ್ನ ಅಕ್ಕ, ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಈಗಲೂ ಚಿತ್ತಾರ ಬರೆಯುತ್ತಾಳೆ.

ಸ್ಟೋರಿಬೋರ್ಡ್ ಎಂದರೆ ಏನೆಂದು ಅವನು ವಿವರಿಸಹೊರಟ. ಸಿನಿಮಾ ತೆಗೆಯುವ ಮೊದಲು ಒಂದೊಂದು ದೃಶ್ಯವನ್ನೂ ಒಂದೊಂದು ಚೌಕದಲ್ಲಿ ಬರೆದು ಸಾಲಾಗಿ ಜೋಡಿಸುವುದು. 1930ರ ದಶಕದಲ್ಲಿ ಡಿಸ್ನಿಯ ಸ್ಟುಡಿಯೋದವರು ಇಂಥ ಚೌಕಗಳನ್ನು ಗೋಡೆಯ ಹಲಗೆಗೆ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರಂತೆ. ಸರಿಹೋಗದ ಚೌಕವನ್ನು ಕಿತ್ತು ಬಿಸಾಡುವುದಕ್ಕೆ ಖರ್ಚೇನೂ ಇಲ್ಲವಲ್ಲ. ನಮ್ಮ ಸತ್ಯಜಿತ್ ರಾಯರು 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಗೆ ಮೊದಲು ಅದರ ದೃಶ್ಯಗಳನ್ನು ಶಾಯಿಯಲ್ಲಿ ಬರೆದುಕೊಂಡು, ದುಡ್ಡು ಹಾಕುವವರಿಗೆ ತೋರಿಸುತ್ತ ತಿರುಗಿದ್ದರು. ನಾನು ಅವನ ಮಾತನ್ನು ಅಲ್ಲಿಗೇ ತಡೆದು, 'ಅಪ್ಪಾ, ನೀನು ಹೇಳುವುದು ವೀರಗಲ್ಲು' ಎಂದೆ.

ತಮಾಷೆಗೆ ಹೇಳಿದ್ದಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ನಮ್ಮ ಸೀಮೆಯಲ್ಲಿ ಕೆರೆ ಏರಿ, ಗುಡಿಯಂಗಳ, ಗದ್ದೆಯ ಬದು ಎನ್ನದೆ ವೀರಗಲ್ಲುಗಳು ನಿಂತಿವೆ. ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಚೌಕದಲ್ಲಿ ಕಾಳಗ, ಅನೇಕ ಕಡೆ ತುರುಗಳನ್ನು ಬಿಡಿಸಿಕೊಳ್ಳಲು ನಡೆದದ್ದು. ನಡುವಿನ ಚೌಕದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಮೂರೇ ಚೌಕದಲ್ಲಿ ಒಂದು ಬದುಕು ಮುಗಿದು ಮತ್ತೊಂದು ಶುರುವಾಗುತ್ತದೆ. ಬಳ್ಳಿಗಾವಿಯ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕತೆಗಳನ್ನು ಪಟ್ಟಿಕೆಗಳಲ್ಲಿ ಕಡೆದಿದ್ದಾರೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಅವರು ನನಗಿಂತ ಮೊದಲೇ ಕತೆ ಹಿಡಿದುಬಿಡುತ್ತಿದ್ದರು. ಚೌಕದಲ್ಲಿ ಕತೆ ಹೇಳುವುದು ನಮಗೆ ಹೊಸದಲ್ಲ. ಹೊಸದಾಗಿದ್ದುದು ಆ ಕಪ್ಪು ಹಲಗೆ.

ಹಲಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹುಡುಗ ಒಂದು ತಂತ್ರಾಂಶ ತೆರೆದ. ಹೆಸರು ಕ್ರೀಟಾ. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು. 2021ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಅದರಲ್ಲಿ ಸ್ಟೋರಿಬೋರ್ಡಿಗೆಂದೇ ಒಂದು ಏರ್ಪಾಡು ಇದೆ. ಸ್ವೀಡನ್ನಿನ ಭಾಷೆಯಲ್ಲಿ ಆ ಹೆಸರಿನ ಅರ್ಥ ಸೀಮೆಸುಣ್ಣವೆಂದು ಕೇಳಿ, ಜೀವಮಾನವೆಲ್ಲ ಸೀಮೆಸುಣ್ಣದ ಪುಡಿ ನುಂಗಿದ ನನಗೆ ಅದು ನಮ್ಮವರದೇ ಎನಿಸಿತು. ನಮ್ಮ ಕಿವಿಗೆ ಅದು 'ಕೃತ' ಎಂದೂ ಕೇಳುತ್ತದೆ. ಕೃತ ಎಂದರೆ ಮಾಡಿದ್ದು, ಆಗಿಹೋದದ್ದು. ಆದರೆ ಈ ಕೃತದಲ್ಲಿ ಆಗಿಹೋದದ್ದು ಎಂಬುದೇ ಇಲ್ಲ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕೊನೆಗೆ ಎಳೆದ ಗೆರೆ ಮಾಯ. ಮತ್ತೆ ಒತ್ತಿದರೆ ಅದರ ಹಿಂದಿನದು. ಹೀಗೆ ಖಾಲಿ ಹಾಳೆಯವರೆಗೂ ಹಿಂದಕ್ಕೆ ನಡೆಯಬಹುದು.

ಮೊದಲ ವಾರ ನಾನು ಮಗುವಿನಂತೆ ಆಡಿದೆ. ಅದರಲ್ಲಿ ಜಲವರ್ಣದ ಕುಂಚಗಳಿವೆ. ಬಣ್ಣ ಒದ್ದೆ ಕಾಗದದ ಮೇಲೆ ಹರಡಿದಂತೆಯೇ ಹರಡುತ್ತದೆ, ಅಂಚಿನಲ್ಲಿ ಗಾಢವಾದ ಗೆರೆ ಕಟ್ಟಿ ನಿಲ್ಲುತ್ತದೆ. ಒಣಗಲೆಂದು ಕಾಯುವ ಕೆಲಸವಿಲ್ಲ. ಕಾಗದದ ಜಲವರ್ಣ ಹಾಗಲ್ಲ. ನನ್ನ ಮೊದಲ ಬಣ್ಣದ ಡಬ್ಬಿ ಹೈಸ್ಕೂಲಿನಲ್ಲಿ ಬಹುಮಾನವಾಗಿ ಬಂದದ್ದು, ಹನ್ನೆರಡು ಬಿಲ್ಲೆಗಳ ತಗಡಿನ ಡಬ್ಬಿ. ಆ ಡಬ್ಬಿಯ ಕತೆಯನ್ನು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಅದರ ಜೊತೆಗೆ ಹೇಳುತ್ತಿದ್ದ ಪಾಠವೂ ಒಂದೇ: ಪಾರದರ್ಶಕ ಜಲವರ್ಣದಲ್ಲಿ ಬಿಳಿ ಬಣ್ಣ ಬಳಿಯುವುದಿಲ್ಲ. ಬಿಳಿ ಎಂದರೆ ಕಾಗದವೇ. ಕೊಕ್ಕರೆ ಬೇಕಾದರೆ ಕೊಕ್ಕರೆಯಷ್ಟು ಜಾಗವನ್ನು ಮೊದಲೇ ಬಿಟ್ಟುಕೊಂಡು ಸುತ್ತ ಗದ್ದೆಯನ್ನು ಬಳಿಯಬೇಕು. ಒಮ್ಮೆ ಹಸಿರು ಬಿದ್ದ ಮೇಲೆ ಕೊಕ್ಕರೆ ಬರುವುದಿಲ್ಲ. ಯಂತ್ರದಲ್ಲಾದರೋ ಗದ್ದೆಯೆಲ್ಲ ಹಸಿರಾದ ಮೇಲೂ ಮೇಲೊಂದು ಪದರ ಹಾಸಿ ಕೊಕ್ಕರೆಯನ್ನು ತಂದು ಕೂರಿಸಬಹುದು, ಬೇಡವಾದರೆ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಹಾರಿಸಲೂಬಹುದು.

ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲವೆಂದು ಓದುಗರು ದಯವಿಟ್ಟು ತಿಳಿಯಬೇಕು. ನನ್ನ ತರಗತಿಯಲ್ಲಿ ಒಂದು ಡ್ರಾಯಿಂಗ್ ಶೀಟು ಕೊಳ್ಳುವುದೇ ಭಾರವಾಗಿದ್ದ ಮಕ್ಕಳಿದ್ದರು. ಹಾಳೆ ಹಾಳಾದೀತೆಂಬ ಹೆದರಿಕೆಯಿಂದ ಅವರ ಗೆರೆ ಯಾವಾಗಲೂ ನಡುಗುತ್ತಿತ್ತು. ಉಳ್ಳವರ ಮಕ್ಕಳು ಹತ್ತು ಹಾಳೆ ಕೆಡಿಸಿ ಹನ್ನೊಂದನೆಯದರಲ್ಲಿ ಕಲಿತರು. ಇವರಿಗೆ ತಪ್ಪು ಮಾಡುವ ಯೋಗವೇ ಇರಲಿಲ್ಲ. ಆ ಮಕ್ಕಳ ಕೈಗೆ ಈ ಹಲಗೆ ಆಗ ಸಿಕ್ಕಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ತಪ್ಪಿಗೆ ದಂಡ ಕಡಿಮೆಯಾದಷ್ಟೂ ಕಲಿಕೆ ಹೆಚ್ಚು. ಸ್ಟೋರಿಬೋರ್ಡು ಹುಟ್ಟಿದ್ದೂ ಇದಕ್ಕಾಗಿಯೇ ತಾನೆ?

ಹೀಗೆ ಖುಷಿಯಲ್ಲಿ ಎಂಟು ಚೌಕ ಮುಗಿಸಿದೆ. ನಮ್ಮ ದೀವರ ಮನೆಗಳ ಹಸೆಗೋಡೆ, ಅದಕ್ಕೆ ಬಳಿಯುವ ಕೆಮ್ಮಣ್ಣು, ನೆನೆಸಿದ ಅಕ್ಕಿಯನ್ನು ಅರೆದು ಮಾಡುವ ಬಿಳಿ, ಕರಿಕಾಗುವವರೆಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಎಲ್ಲವೂ ಬಂದವು. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುವುದೂ ಬಂತು. ಒಂಬತ್ತನೆಯ ಚೌಕದ ಪಕ್ಕ ಹುಡುಗ ಹೀಗೆ ಬರೆದುಕೊಟ್ಟಿದ್ದ: 'ಅವ್ವ ಚಿಕ್ಕವಳಿದ್ದಾಗ ಬುಡ್ಡಿಯ ಬೆಳಕಿನಲ್ಲಿ ಕಾಗದದ ಮೇಲೆ ಚಿತ್ತಾರ ಬರೆಯುತ್ತಿರುವುದು.' ಎಂದೋ ಒಮ್ಮೆ ಕಾಗದದ ಮೇಲೂ ಬರೆದಿದ್ದೆ ಎಂದು ಅಕ್ಕ ಅವನಿಗೆ ಹೇಳಿದ್ದಳಂತೆ. ಇನ್ನೇನನ್ನೂ ಹೇಳಿರಲಿಲ್ಲ.

ನಡೆದದ್ದು 1973ರ ಭೂಮಿ ಹುಣ್ಣಿಮೆಯ ವಾರ. ನಾನು ಒಂಬತ್ತನೇ ತರಗತಿ. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಏಳನೇ ತರಗತಿಗೆ ಅವಳ ಓದನ್ನು ಅಪ್ಪ ನಿಲ್ಲಿಸಿದ್ದರು. ತಾಲ್ಲೂಕು ಮಟ್ಟದ ಸ್ಪರ್ಧೆಗೆ 'ನಮ್ಮೂರ ಹಬ್ಬ' ಎಂಬ ಚಿತ್ರ ಬರೆದು ತರುವಂತೆ ಮೇಷ್ಟ್ರು ನನಗೆ ಎರಡು ಹಾಳೆ ಕೊಟ್ಟಿದ್ದರು. ಒಂದನ್ನು ನಾನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ತೂತು ಮಾಡಿದೆ. ಎರಡನೆಯದರ ಮುಂದೆ ಕೂತು ಅಳುತ್ತಿದ್ದಾಗ, ಬುಟ್ಟಿಗೆ ಬರೆದು ಉಳಿದಿದ್ದ ಬಣ್ಣವನ್ನು ಅಕ್ಕ ತಂದಳು. ಹಾಳೆಗೆ ತೆಳ್ಳಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಪುಂಡಿ ನಾರಿನಲ್ಲಿ ಬಿಳಿ ಎಳೆ ಎಳೆದಳು. ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಅವಳು ಕೈ ತೊಳೆಯಲು ಎದ್ದಾಗ ನಾನು ಪೆನ್ನು ತೆಗೆದು ಕೆಳಗಿನ ಮೂಲೆಯಲ್ಲಿ ನನ್ನ ಹೆಸರು, ತರಗತಿ, ಶಾಲೆ ಬರೆದೆ. ಅವಳು ಬಂದು ನೋಡಿದಳು. ಏನೂ ಅನ್ನಲಿಲ್ಲ.

ಬಹುಮಾನ ಬಂತು. ಹುಡುಗನ ಕೈಯಲ್ಲಿ ಏನೋ ಇದೆ ಎಂದು ಮೇಷ್ಟ್ರು ಮನೆಗೇ ಬಂದು ಅಪ್ಪನಿಗೆ ಹೇಳಿದರು. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ನನ್ನನ್ನು ಚಿತ್ರಕಲೆಯ ಲೋವರ್ ಗ್ರೇಡಿಗೆ, ಹೈಯರ್ ಗ್ರೇಡಿಗೆ ಕಟ್ಟಿಸಿದರು. 1984ರಲ್ಲಿ ನೌಕರಿಯಾಯಿತು, 2019ರಲ್ಲಿ ನಿವೃತ್ತಿಯಾಯಿತು. ನಡುವೆ ನಾನೇನೂ ಬರೆಯಲಿಲ್ಲವೆಂದಲ್ಲ. ಕಲಿತೆ, ಬರೆದೆ, ಕಲಿಸಿದೆ. ಆದರೆ ಬಾಗಿಲು ತೆರೆದದ್ದು ಆ ಒಂದು ಹಾಳೆ. ಅದರ ಎಳೆ ಅವಳದು, ಹೆಸರು ನನ್ನದು.

ಒಂಬತ್ತನೆಯ ಚೌಕದಲ್ಲಿ ನಾನು ಇದನ್ನು ಇದ್ದಂತೆಯೇ ಬರೆಯತೊಡಗಿದೆ. ಬುಡ್ಡಿ, ಹಾಳೆ, ಬಾಗಿದ ಹುಡುಗಿಯ ಬೆನ್ನು. ಪಕ್ಕದಲ್ಲಿ ಒಬ್ಬ ಹುಡುಗ. ಹುಡುಗನ ಕೈ. ಕೈಯಲ್ಲಿ ಪೆನ್ನು. ಪೆನ್ನಿನ ತುದಿಯನ್ನು ಎಳೆದು ಮುಗಿಸಿ ನೋಡಿದವನು ಗುಂಡಿಗಳನ್ನು ಒತ್ತಿಬಿಟ್ಟೆ. ನಾನು ಬರೆದ ಕ್ರಮಕ್ಕೆ ತಿರುಗುಮುರುಗಾಗಿ ಮೊದಲು ಪೆನ್ನು ಹೋಯಿತು, ಆಮೇಲೆ ಕೈ, ಕೊನೆಗೆ ಹುಡುಗ. ಅವನಿದ್ದ ಜಾಗಕ್ಕೆ ಕತ್ತಲೆಯ ಬಣ್ಣವನ್ನು ಹರಡಿ ಕಳಿಸಿದೆ. ಮರುದಿನ ಹುಡುಗ ಫೋನು ಮಾಡಿ, 'ಮಾವ, ಎಲ್ಲಕ್ಕಿಂತ ಒಂಬತ್ತನೇದೇ ಚೆನ್ನಾಗಿದೆ. ಅವ್ವ ಒಬ್ಬಳೇ, ದೀಪ ಒಂದೇ. ಎಷ್ಟು ಹೇಳುತ್ತೆ ಅದು!' ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಳಿಸುವುದು ತಪ್ಪೇ ಎಂದು ನನ್ನನ್ನೇ ಕೇಳಿಕೊಂಡೆ. ತಪ್ಪಲ್ಲ. ಅಕ್ಕನೂ ಅಳಿಸುತ್ತಾಳೆ. ಎಳೆ ಓರೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಜಾಗಕ್ಕೆ ಮತ್ತೆ ಕೆಮ್ಮಣ್ಣು ಸವರಿ ಹೊಸದಾಗಿ ಎಳೆಯುತ್ತಾಳೆ. ಗೋಡೆಯನ್ನೇ ಮತ್ತೆ ಸಾರಿಸಿದರೆ ಹಳೆಯ ಚಿತ್ತಾರವೆಲ್ಲ ಹೊಸ ಮಣ್ಣಿನ ಕೆಳಗೆ. ಹಾಗಾದರೆ ಅಳಿಸಲಾಗದ್ದು ಮಾತ್ರ ಸತ್ಯವೇ? ಅದೂ ಅಲ್ಲ. ವೀರಗಲ್ಲಿನ ಚೌಕಗಳನ್ನು ಸಾವಿರ ವರ್ಷದ ಮಳೆಯೂ ಅಳಿಸಿಲ್ಲ. ಆದರೆ ಅಲ್ಲಿ ಕಾಣುವುದು ಗೆದ್ದ ಮನೆಯವರ, ಕಲ್ಲು ನಿಲ್ಲಿಸುವ ತ್ರಾಣವಿದ್ದವರ ಕತೆ. ಎದುರಾಳಿಯ ಸಾವಿಗೆ ಅಲ್ಲಿ ಚೌಕವಿಲ್ಲ. ವೀರನ ಹೆಂಡತಿ ಚಿತೆಯೇರಿದ್ದರೆ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ತೋಳಾಗಿ ಉಳಿದಾಳು. ಬದುಕಿ ಮಕ್ಕಳನ್ನು ಸಾಕಿದ್ದರೆ ಅವಳಿಗೆ ಯಾವ ಕಲ್ಲೂ ಇಲ್ಲ. ಬಿಡುವ ಕೆಲಸವನ್ನು ಉಳಿಯೂ ಮಾಡುತ್ತದೆ, ಗುಂಡಿಯೂ ಮಾಡುತ್ತದೆ. ಯಂತ್ರವನ್ನು ಬೈದು ನಾನು ಪಾರಾಗುವಂತಿರಲಿಲ್ಲ.

ಹಾಗಾದರೆ ತಿದ್ದುವುದಕ್ಕೂ ಮುಚ್ಚುವುದಕ್ಕೂ ಗೆರೆ ಎಲ್ಲಿ? ನನಗೆ ಹೊಳೆದದ್ದು ಇಷ್ಟು. ನಾನು ತೋರಿಸಬೇಕೆಂದಿರುವ ವಸ್ತುವಿನ ಹತ್ತಿರಕ್ಕೆ ಚಿತ್ರವನ್ನು ಒಯ್ಯುವ ಅಳಿಸುವಿಕೆ ತಿದ್ದುವುದು. ನಾನು ಹೇಗೆ ಕಾಣಬೇಕೆಂದಿದ್ದೇನೋ ಅದರ ಹತ್ತಿರಕ್ಕೆ ಒಯ್ಯುವುದು ಮುಚ್ಚುವುದು. ಕೈಯ ಚಲನೆ ಎರಡರಲ್ಲೂ ಒಂದೇ. ನೋಡುವವರಿಗೆ ವ್ಯತ್ಯಾಸ ತಿಳಿಯದು. ಅಷ್ಟೇ ಏಕೆ, ಮುಚ್ಚಿದ್ದು ಎಷ್ಟೋ ಸಲ ಹೆಚ್ಚು ಚೆಂದವಾಗಿಯೇ ಕಾಣುತ್ತದೆ. ಹುಡುಗನ ಹೊಗಳಿಕೆಯಲ್ಲಿ ಸುಳ್ಳಿರಲಿಲ್ಲ. ಕತ್ತಲಲ್ಲಿ ಒಬ್ಬಳೇ ಹುಡುಗಿ, ಒಂದೇ ದೀಪ ಇರುವ ಚೌಕ ನಿಜಕ್ಕೂ ಚೆನ್ನಾಗಿತ್ತು.

ಹಳೆಯ ಸಾಧನಕ್ಕೂ ಹೊಸದಕ್ಕೂ ಒಂದು ವ್ಯತ್ಯಾಸವಂತೂ ಇದೆ. ಅದು ಗುರುತು ಉಳಿಯುವುದರಲ್ಲಿಲ್ಲ, ಹೊತ್ತಿನಲ್ಲಿದೆ. ರಬ್ಬರಿನಿಂದ ಹುಡುಗನನ್ನು ಅಳಿಸಬೇಕಾಗಿದ್ದರೆ ಐದು ನಿಮಿಷವಾದರೂ ಉಜ್ಜಬೇಕಿತ್ತು. ಉಜ್ಜುವಾಗ ಅವನ ಮುಖ ನೋಡಬೇಕಿತ್ತು. ಜಲವರ್ಣದಲ್ಲಿ ಅವನನ್ನು ಮುಚ್ಚಬೇಕಾಗಿದ್ದರೆ ಒಂದು ಲೇಪ ಒಣಗಿ ಇನ್ನೊಂದು ಹಚ್ಚುವವರೆಗೆ ಕಾಯಬೇಕಿತ್ತು. ನಾಚಿಕೆಗೆ ಮನೆಯಿಂದ ಹೊರಟು ಬಂದು ತಲುಪಲು ಸ್ವಲ್ಪ ಹೊತ್ತು ಬೇಕು. ಗುಂಡಿ ಅದಕ್ಕಿಂತ ಬೇಗ ಕೆಲಸ ಮುಗಿಸಿಬಿಡುತ್ತದೆ. ಸಾಧನ ಕೊಡದ ಆ ಹೊತ್ತನ್ನು ಇನ್ನು ಮೇಲೆ ಬರೆಯುವವನೇ ಕೈಯಿಂದ ಹಾಕಬೇಕಾಗಿದೆ.

ಮರುವಾರ ಏನೋ ಕೆಲಸಕ್ಕೆ ಶಿರಾಳಕೊಪ್ಪಕ್ಕೆ ಹೋದವನು ತಾಳಗುಂದಕ್ಕೂ ಹೋಗಿಬಂದೆ. ಅಲ್ಲಿ ಪ್ರಣವೇಶ್ವರನ ಗುಡಿಯ ಮುಂದೆ ಕದಂಬರ ಕಂಬವಿದೆ, ಐದನೆಯ ಶತಮಾನದ್ದು. ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಅದರಲ್ಲಿಯೇ ಇದೆ. ಮಕ್ಕಳಿಗೆ ಇದನ್ನು ಎಷ್ಟೋ ಸಲ ಅಭಿಮಾನದಿಂದ ಹೇಳಿದ್ದೇನೆ. ಅಂದು ಮಾತ್ರ ಆ 'ತನ್ನ' ಎಂಬ ಮಾತು ಬೇರೆಯಾಗಿ ಕೇಳಿಸಿತು. ಕಲ್ಲಿನ ಮೇಲೆ ಬರೆದದ್ದು ಅವನ ದೊಡ್ಡತನವಿರಬಹುದು. ತನ್ನದರ ಕೆಳಗೆ ತನ್ನ ಹೆಸರು ಬರೆದದ್ದು ಅದಕ್ಕಿಂತ ದೊಡ್ಡದು.

ಮನೆಗೆ ಬಂದು ಅಳಿಸಿದ ಹುಡುಗನನ್ನು ಮರಳಿ ತರಲು ನೋಡಿದೆ. ಆಗಲಿಲ್ಲ. ಕಡತವನ್ನು ಒಮ್ಮೆ ಮುಚ್ಚಿದರೆ ಹಿಂದೆ ನಡೆದ ದಾರಿಯೂ ಮುಚ್ಚಿಹೋಗುತ್ತದಂತೆ. ಮತ್ತೆ ಹಲಗೆಯ ಮೇಲೆ ಬರೆಯಬಹುದಿತ್ತು. ಬರೆಯಲಿಲ್ಲ. ಒಂದು ಹಾಳೆ ಹಾಸಿ, ಬುಡ್ಡಿಯ ಬೆಳಕಿಗೂ ಹುಡುಗ ಬರೆಯುತ್ತಿರುವ ಹೆಸರಿಗೂ ಜಾಗವನ್ನು ಮೊದಲೇ ಬಿಟ್ಟುಕೊಂಡು, ಸುತ್ತಲೂ ಕತ್ತಲೆ ಬಳಿದೆ. ಮೂರು ದಿನ ಹಿಡಿಯಿತು. ಹುಡುಗನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವ್ವನಿಗೆ ತೋರಿಸಿ ಮಾವ. ಅವಳು ಬೇಡ ಅಂದ್ರೆ ಬೇಡ' ಎಂದ. ಹಾಳೆಯನ್ನು ಸುರುಳಿ ಸುತ್ತಿಕೊಂಡು ಸೊರಬದ ಬಸ್ಸು ಹತ್ತಿದೆ.

ಅಕ್ಕ ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಐವತ್ತು ವರ್ಷದ ಮೇಲೆ ಒಂದು ಕ್ಷಮೆ ಕೇಳಲು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳೇ ಮೊದಲು ಮಾತಾಡಿದಳು.

'ಬುಡ್ಡಿ ಈ ಕಡೆ ಇರ್ಲಿಲ್ಲ ತಮ್ಮಾ, ಒಲೆ ಕಡೆ ಇತ್ತು.' ಮತ್ತೆ ನೋಡಿ, 'ಆವತ್ತು ನಾನು ಒಂದು ಎಳೆ ತಪ್ಪಿದ್ದೆ. ಐದು ಎಳೆ ಬರೋ ಕಡೆ ನಾಲ್ಕೇ ಬಂದಿತ್ತು. ನಿಮ್ಮ ಮೇಷ್ಟ್ರಿಗೆ ಗೊತ್ತಾಗ್ಲಿಲ್ವಾ?'

ಗೊತ್ತಾಗಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನನ್ನ ಹೆಸರಿದ್ದ ಹಾಳೆಯಲ್ಲಿ ಅವಳ ತಪ್ಪೊಂದಿತ್ತು, ಅದನ್ನು ಐವತ್ತು ವರ್ಷ ಅವಳೊಬ್ಬಳೇ ನೆನಪಿಟ್ಟುಕೊಂಡಿದ್ದಳು.

'ಅಕ್ಕಾ, ಹೆಸರು...' ಎಂದು ನಾನು ಶುರುಮಾಡಿದೆ.

'ಹೆಸರು ಬರ್ಕಂಡಿದ್ದು ಹೋಗ್ಲಿ ಬಿಡು. ಶಾಲೆ ಬಿಟ್ಟವಳ ಹೆಸರು ಹಾಕಿದ್ರೆ ಯಾರು ತಗಂತಿದ್ರು? ಅದಲ್ಲ. ಬಣ್ಣದ ಡಬ್ಬಿ ಕೊಟ್ಟಿದ್ರಲ್ಲ ನಿಂಗೆ, ಅದನ್ನ ಒಂದಿನ ಮುಟ್ಟಕ್ಕೂ ಕೊಡ್ಲಿಲ್ಲ ನೀನು. ಅಟ್ಟದ ಮೇಲಿಟ್ಟು ಏಣಿ ತೆಗೆದಿಡ್ತಿದ್ದೆ.'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿನ್ನೆ ನಡೆದದ್ದನ್ನು ಹೇಳುವ ಹಾಗೆ ಹೇಳಿದಳು. ನಾನು ಅಟ್ಟ ನೆನಪು ಮಾಡಿಕೊಂಡೆ, ಡಬ್ಬಿ ನೆನಪು ಮಾಡಿಕೊಂಡೆ. ಅದರ ಹನ್ನೆರಡು ಬಿಲ್ಲೆಗಳನ್ನು ಇಂದಿಗೂ ಕ್ರಮವಾಗಿ ಹೇಳಬಲ್ಲೆ. ಏಣಿ ಮಾತ್ರ ನೆನಪಿಗೆ ಬರಲಿಲ್ಲ. ಏಣಿಯ ಬುಡದಲ್ಲಿ ನಿಂತ ಅಕ್ಕ ನೆನಪಿಗೆ ಬರಲಿಲ್ಲ. ಮೂವತ್ತೈದು ವರ್ಷ ನಾನು ಮಕ್ಕಳಿಗೆ ಹೇಳಿದ ಆ ಡಬ್ಬಿಯ ಕತೆಯಲ್ಲಿ ಅವಳು ಇರಲೇ ಇಲ್ಲ. ಹೆಸರು ಬರೆದದ್ದನ್ನು ಅಳಿಸಿದಾಗ ನಾನು ಅಳಿಸುತ್ತಿದ್ದೇನೆಂದು ನನಗೆ ಗೊತ್ತಿತ್ತು, ಹಾಗಾಗಿಯೇ ನಿದ್ದೆ ಕೆಟ್ಟಿತ್ತು. ಇದನ್ನು ಯಾವಾಗ ಅಳಿಸಿದೆ? ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಯಂತ್ರ, ಕಾಗದ, ಕಲ್ಲು ಎಂದು ನಾನು ಮಾಡಿದ ವಿಚಾರವೆಲ್ಲ ಬೇಕೆಂದು ಅಳಿಸುವವನ ಬಗ್ಗೆಯಾಯಿತು. ಅರಿವಿಲ್ಲದೆ ಅಳಿಸಿದವನಿಗೆ ಉಳಿದಿರುವ ದಾರಿ ಒಂದೇ ಇರಬೇಕು: ಅಳಿಸಿಹೋದವರ ಹತ್ತಿರ ಹೋಗಿ ಕೂತು ಕೇಳುವುದು.

'ಇದನ್ನ ಪಿಕ್ಚರಿಗೆ ಹಾಕ್ತಾನಂತಾ?' ಎಂದು ಅಕ್ಕ ಕೇಳಿದಳು.

'ನೀನು ಬೇಡ ಅಂದ್ರೆ ಇಲ್ಲ.'

'ಹಾಕ್ಲಿ. ಏಣೀದೂ ಹಾಕ್ಲಿ.'

'ಏಣಿ ಹೆಂಗಿತ್ತು ಅಕ್ಕಾ?'

'ಅದನ್ನೂ ನಾನೇ ಹೇಳ್ಬೇಕಾ?' ಎಂದಳು. ಆದರೂ ಹೇಳಿದಳು. ಬಿದಿರಿನದು, ಒಂದು ಕಾಲು ಗಿಡ್ಡ, ಕೆಳಗೊಂದು ಕಲ್ಲು ಕೊಡುತ್ತಿದ್ದೆವಂತೆ. ಹಲಗೆ, ಪೆನ್ನು ಶಿಕಾರಿಪುರದಲ್ಲೇ ಉಳಿದಿದ್ದವು. ಜೇಬಿನಲ್ಲಿದ್ದ ಪೆನ್ಸಿಲಿನಿಂದ ನಾನು ಹಾಳೆಯ ಹಿಂಬದಿಗೆ ಬರೆಯತೊಡಗಿದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, 'ಏಳು ಮೆಟ್ಲು ಇತ್ತು' ಎಂದಳು.

ನಾನು ಐದು ಬರೆದು ಮುಗಿಸಿಬಿಟ್ಟಿದ್ದೆ. ರಬ್ಬರ್ ಇದೆಯೇ ಎಂದು ಕೇಳಿದೆ. ಒಳಗೆ ಹೋಗಿ ಮೊಮ್ಮಗಳ ಶಾಲೆ ಚೀಲ ತಡಕಿ ಒಂದು ತುಂಡು ತಂದುಕೊಟ್ಟಳು.